ವಿದ್ಯಾರ್ಥಿಗಳೇ ನಡೆಸಿದ ಮನೆಗಳು

ಓದಲು ಊರು ಬಿಟ್ಟು ಹೋದ ಮಕ್ಕಳು ಎಲ್ಲಿ ಮಲಗಿದರು, ಏನು ಉಂಡರು, ಬಾಡಿಗೆ ಹೇಗೆ ಕಟ್ಟಿದರು ಎಂಬುದನ್ನು ವಿಶ್ವವಿದ್ಯಾಲಯಗಳ ಇತಿಹಾಸ ಬರೆದವರು ಹೆಚ್ಚಾಗಿ ಹೇಳುವುದಿಲ್ಲ. ಕುಲಪತಿಗಳ ಹೆಸರಿರುತ್ತದೆ, ಕಟ್ಟಡದ ಶಂಕುಸ್ಥಾಪನೆಯ ದಿನಾಂಕವಿರುತ್ತದೆ. ಆದರೆ ಬಡವರ ಮನೆಯ ಮಗು ಓದು ಮುಗಿಸಿತೋ ಅರ್ಧಕ್ಕೇ ಬಿಟ್ಟು ಊರಿಗೆ ಮರಳಿತೋ ಎಂಬುದನ್ನು ಎಷ್ಟೋ ಸಲ ನಿರ್ಧರಿಸಿದ್ದು ಒಂದು ಸೂರು ಮತ್ತು ಎರಡು ಹೊತ್ತಿನ ಊಟ.

ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ದಾರಿಗಳು ನಮಗೆಲ್ಲ ಗೊತ್ತು. ಹಳೇ ಮೈಸೂರಿನ ಕಡೆ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರ ತುಂಬಿಸಿಕೊಂಡು ಹುಡುಗರು ಓದುತ್ತಿದ್ದರು. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠದಂಥ ಕಡೆ ಪ್ರಸಾದ ನಿಲಯಗಳಿದ್ದವು. ಒಂದೊಂದು ಸಮಾಜದವರೂ ತಮ್ಮ ಮಕ್ಕಳಿಗೆಂದು ಉಚಿತ ವಿದ್ಯಾರ್ಥಿನಿಲಯ ತೆರೆದರು. ಮುಂಬಯಿಗೆ ಬಂದ ದಕ್ಷಿಣ ಕನ್ನಡದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ರಾತ್ರಿ ಅದೇ ಹೋಟೆಲಿನ ಬೆಂಚುಗಳನ್ನು ಸರಿಸಿ ಮಲಗಿ ಓದಿದ್ದನ್ನು ನಮ್ಮ ಸಂಘದ ಹಿರಿಯ ಸದಸ್ಯರು ಇಂದಿಗೂ ಹೇಳುತ್ತಾರೆ. ಇವೆಲ್ಲಕ್ಕೂ ನಾವು ಋಣಿಗಳು. ಆದರೆ ಈ ವ್ಯವಸ್ಥೆಗಳಲ್ಲಿ ಅನ್ನ ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ವಾರಾನ್ನವಂತೂ ಹುಡುಗರ ಪದ್ಧತಿ. ಅದರಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇರಲಿಲ್ಲ.

ಮುಂಬಯಿಯ ಉಪನಗರದಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ ಮೇಲೆ ನನಗೆ ಸಹಕಾರಿ ವಸತಿಯ ಇತಿಹಾಸ ಓದುವ ಚಟ ಹತ್ತಿತು. ಹಾಗೆ ಓದುವಾಗ ಸಿಕ್ಕಿದ್ದು ಮೂರನೆಯ ಒಂದು ದಾರಿ. ವಿಶ್ವವಿದ್ಯಾಲಯದ ಪಕ್ಕದಲ್ಲಿ ವಿದ್ಯಾರ್ಥಿಗಳೇ ಸೇರಿ ಮನೆ ಹಿಡಿದು, ತಾವೇ ಅಡುಗೆ ಮಾಡಿ, ತಾವೇ ಲೆಕ್ಕ ಬರೆದು, ತಾವೇ ಮಾಲೀಕರಾದ ಕಥೆ ಅದು. ಗೆಳತಿಯರೊಡನೆ ಅದನ್ನು ಹಂಚಿಕೊಳ್ಳಬೇಕೆನಿಸಿತು.

ಬೀಜ ಬಿದ್ದದ್ದು ಎಲ್ಲಿ?

ಸಹಕಾರ ಎಂಬ ಮಾತು ಬಂದಾಗ ಎಲ್ಲರೂ ಇಂಗ್ಲೆಂಡಿನ ರಾಚ್‌ಡೇಲ್ ಊರಿಗೆ ಹೋಗುತ್ತಾರೆ. 1844ರ ಡಿಸೆಂಬರ್ 21ರಂದು ಅಲ್ಲಿನ ಟೋಡ್ ಲೇನ್ ಎಂಬ ಬೀದಿಯಲ್ಲಿ ನೇಕಾರರೇ ಮೊದಲಾದ ಕಸುಬಿನವರು ಕೂಡಿ ಒಂದು ಸಣ್ಣ ಅಂಗಡಿ ತೆರೆದರು. ಸಂಘದ ಸ್ಥಾಪಕರೆಂದು ಹೇಳುವುದು 28 ಜನರನ್ನು. ಹಿಟ್ಟು, ಬೆಣ್ಣೆ, ಸಕ್ಕರೆಯಂಥ ದಿನಬಳಕೆಯ ಸಾಮಾನನ್ನು ಕಲಬೆರಕೆಯಿಲ್ಲದೆ, ಸರಿಯಾದ ತೂಕಕ್ಕೆ ಮಾರುವುದು ಅವರ ಉದ್ದೇಶ. ಎಷ್ಟು ಹಣ ಹಾಕಿದರೂ ಒಬ್ಬರಿಗೆ ಒಂದೇ ಮತ ಎಂಬ ನಿಯಮ ಅವರದು. ಗಂಡನ ಆಸ್ತಿಯೊಳಗೆ ಹೆಂಡತಿಯದೂ ಸೇರಿಹೋಗುತ್ತಿದ್ದ ಆ ಕಾಲದಲ್ಲಿ ಹೆಂಗಸರು ತಮ್ಮ ಹೆಸರಿನಲ್ಲೇ ಸದಸ್ಯರಾಗಬಹುದಿತ್ತು. 1846ರಲ್ಲಿ ಎಲಿಜಾ ಬ್ರಿಯರ್ಲಿ ಎಂಬಾಕೆ ಹಾಗೆ ಸದಸ್ಯೆಯಾದರು. ಇನ್ನೊಂದು ನಿಯಮವನ್ನು ನಾವು ನೆನಪಿಡಬೇಕು. ಲಾಭದ ಒಂದು ಪಾಲನ್ನು ಸದಸ್ಯರ ಶಿಕ್ಷಣಕ್ಕೆ ತೆಗೆದಿಡಬೇಕು ಎಂಬುದು ಅದು. ಸಹಕಾರ ಎಂದರೇನೆಂದು ಹೊಸಬರಿಗೆ ಹೇಳಿಕೊಡುತ್ತಿರದಿದ್ದರೆ ಸಂಘ ಉಳಿಯುವುದಿಲ್ಲ ಎಂದು ಅವರಿಗೆ ಆಗಲೇ ಗೊತ್ತಿತ್ತು.

ಅದಕ್ಕೂ ಮುಂಚೆ, 1837ರಲ್ಲಿ, ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಮೇರಿ ಲಯನ್ ಎಂಬ ಶಿಕ್ಷಕಿ ಹೆಣ್ಣುಮಕ್ಕಳಿಗಾಗಿ ಮೌಂಟ್ ಹೋಲಿಯೋಕ್ ವಿದ್ಯಾಲಯ ತೆರೆದಿದ್ದರು. ಹಸಿರು ಮಖಮಲ್ಲಿನ ಚೀಲ ಹಿಡಿದು ಊರೂರು ಸುತ್ತಿ, ಮನೆಮನೆಯ ಹೆಂಗಸರಿಗೆ ವಿಷಯ ತಿಳಿಸಿ ಆಕೆ ಹಣ ಕೂಡಿಸಿದರು. ಊಟ, ವಸತಿ, ಪಾಠ ಎಲ್ಲ ಸೇರಿ ವರ್ಷಕ್ಕೆ 60 ಡಾಲರು ಶುಲ್ಕ ಇಟ್ಟರು. ಇಷ್ಟು ಕಡಿಮೆಗೆ ಸಾಧ್ಯವಾದದ್ದು ಹೇಗೆಂದರೆ, ಅಡುಗೆ, ಪಾತ್ರೆ, ಕಸ ಗುಡಿಸುವುದು ಎಲ್ಲವನ್ನೂ ವಿದ್ಯಾರ್ಥಿನಿಯರೇ ಸರದಿಯಲ್ಲಿ ಮಾಡುತ್ತಿದ್ದರು. ಇದು ಸಹಕಾರಿ ಸಂಘವಲ್ಲ, ವಿದ್ಯಾಲಯವೇ ನಡೆಸಿದ ನಿಲಯ. ಆದರೆ ಕೈಕೆಲಸ ಹಂಚಿಕೊಂಡರೆ ಖರ್ಚು ಇಳಿಯುತ್ತದೆ ಎಂಬ ಲೆಕ್ಕ ಇಲ್ಲಿಯೇ ಕಾಣುತ್ತದೆ.

ಬರ್ಕ್ಲಿಯ ಹದಿನಾಲ್ವರು

ಈಗ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಬರೋಣ. ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಈಚೆ ದಡದಲ್ಲಿರುವ ಈ ಊರಿನ ವಿಶ್ವವಿದ್ಯಾಲಯಕ್ಕೆ ಇಂದು ನಮ್ಮ ಕನ್ನಡದ ಮಕ್ಕಳೂ ಹೋಗುತ್ತಾರೆ. 1930ರ ಸುಮಾರಿಗೆ ಅಲ್ಲಿ ವಿಶ್ವವಿದ್ಯಾಲಯದ್ದೇ ಆದ ವಸತಿ ನಿಲಯಗಳು ತೀರಾ ಕಡಿಮೆ. ಉಳ್ಳವರ ಮಕ್ಕಳು ತಮ್ಮ ಕೂಟಗಳ ದೊಡ್ಡ ಮನೆಗಳಲ್ಲಿರುತ್ತಿದ್ದರು. ಮಿಕ್ಕವರು ಊರಿನವರ ಮನೆಗಳಲ್ಲಿ ಬಾಡಿಗೆ ಕೋಣೆ ಹುಡುಕಬೇಕಿತ್ತು. ಕಪ್ಪು ಜನರಿಗೆ, ಚೀನಾ, ಜಪಾನ್, ಭಾರತದಂಥ ದೇಶಗಳಿಂದ ಬಂದವರಿಗೆ ಕೋಣೆ ಕೊಡಲು ಎಷ್ಟೋ ಮಾಲೀಕರು ಒಪ್ಪುತ್ತಿರಲಿಲ್ಲ. 1930ರಲ್ಲಿ ಎಲ್ಲ ದೇಶದ, ಎಲ್ಲ ಬಣ್ಣದ ವಿದ್ಯಾರ್ಥಿಗಳೂ ವಿದ್ಯಾರ್ಥಿನಿಯರೂ ಒಂದೇ ಕಡೆ ಇರಲೆಂದು ಇಂಟರ್‌ನ್ಯಾಷನಲ್ ಹೌಸ್ ಕಟ್ಟಲಾಯಿತು. ಅದು ಕಟ್ಟುವ ಮೊದಲೇ ಊರಿನ ನೂರಾರು ಜನ ಸಭೆ ಸೇರಿ ವಿರೋಧಿಸಿದರು. ಡಿಲೈಲಾ ಬೀಸ್ಲಿ ಎಂಬ ಕಪ್ಪು ಪತ್ರಕರ್ತೆ ಆ ಸಭೆಯಲ್ಲಿ ಎದ್ದು ನಿಂತು ಅದರ ಪರ ಮಾತನಾಡಿದರು. ಮುಂಬಯಿಯಲ್ಲಿ, ಪುಣೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ಹೆಸರು, ಜಾತಿ, ಊಟದ ಪದ್ಧತಿ ಕೇಳಿಸಿಕೊಂಡವರಿಗೆ ಇದು ದೂರದ ಕಥೆ ಅನಿಸುವುದಿಲ್ಲ.

ಅಷ್ಟರಲ್ಲಿ ಆರ್ಥಿಕ ಮಹಾಕುಸಿತ ಬಂದಿತ್ತು. 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಮೆಗೆ ಸಿದ್ಧರಿದ್ದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಕೆಲಸವಿರಲಿಲ್ಲ. ವಿದ್ಯಾರ್ಥಿಗಳ ಮನೆಯಿಂದ ಹಣ ಬರುವುದು ನಿಂತಿತು. ವಿಶ್ವವಿದ್ಯಾಲಯದ ಬಾಗಿಲಲ್ಲೇ ವೈ.ಎಂ.ಸಿ.ಎ. ನಡೆಸುತ್ತಿದ್ದ ಸ್ಟೈಲ್ಸ್ ಹಾಲ್ ಎಂಬ ಕೇಂದ್ರವಿತ್ತು. ಅದರ ಮುಖ್ಯಸ್ಥ ಹ್ಯಾರಿ ಕಿಂಗ್‌ಮನ್. ಚೀನಾದಲ್ಲಿ ಹುಟ್ಟಿದವರು, ಹರೆಯದಲ್ಲಿ ನ್ಯೂಯಾರ್ಕಿನ ಹೆಸರಾಂತ ಬೇಸ್‌ಬಾಲ್ ತಂಡಕ್ಕೆ ಸ್ವಲ್ಪ ಕಾಲ ಆಡಿದವರು. ಕೈ ಖಾಲಿಯಾದ ವಿದ್ಯಾರ್ಥಿಗಳಿಗೆ ದಾನ ಕೂಡಿಸುವ ಬದಲು ಅವರು ಒಂದು ಮಾತು ಹೇಳಿದರು: ಒಬ್ಬೊಬ್ಬರಾಗಿ ಬಾಡಿಗೆ ಕಟ್ಟಲಾಗದವರು ಒಟ್ಟಾಗಿ ಒಂದು ಮನೆ ಹಿಡಿಯಬಹುದಲ್ಲ? 1933ರಲ್ಲಿ 14 ವಿದ್ಯಾರ್ಥಿಗಳು ಹಾಗೆ ಒಟ್ಟಾದರು. ಆಳುಕಾಳಿಲ್ಲದೆ, ಅಡುಗೆಯಿಂದ ಹಿಡಿದು ಒಲೆಯ ಬೂದಿ ತೆಗೆಯುವವರೆಗೆ ಕೆಲಸವನ್ನೆಲ್ಲ ತಮ್ಮಲ್ಲೇ ಹಂಚಿಕೊಂಡರು.

ಹದಿನಾಲ್ಕು ಜನರ ಮನೆಯ ಸುದ್ದಿ ತರಗತಿಗಳಲ್ಲಿ ಹಬ್ಬಿತು. 1935ರಲ್ಲಿ ಬ್ಯಾರಿಂಗ್ಟನ್ ಹಾಲ್ ಎಂಬ ದೊಡ್ಡ ಕಟ್ಟಡವನ್ನೇ ಭೋಗ್ಯಕ್ಕೆ ಹಿಡಿದರು. ಅಲ್ಲಿ ಸುಮಾರು 200 ಹುಡುಗರಿಗೆ ಜಾಗವಾಯಿತು. ಮರುವರ್ಷ, 1936ರಲ್ಲಿ, ವಿದ್ಯಾರ್ಥಿನಿಯರಿಗಾಗಿ ಸ್ಟೆಬಿನ್ಸ್ ಹಾಲ್ ತೆರೆಯಿತು. ಅದಕ್ಕೆ ಇಟ್ಟದ್ದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ಹೊಣೆ ಹೊತ್ತಿದ್ದ ಡೀನ್ ಲೂಸಿ ವಾರ್ಡ್ ಸ್ಟೆಬಿನ್ಸ್ ಅವರ ಹೆಸರು. ಹುಡುಗಿಯರು ಹಾಸ್ಟೆಲಿನ ವಾರ್ಡನ್ ಹೇಳಿದಂತೆ ಕೇಳಿಕೊಂಡಿರುವುದು ಒಂದು. ದಿನಸಿ ಎಷ್ಟು ತರಿಸಬೇಕು, ಯಾರ ಪಾಳಿ ಯಾವಾಗ, ಮುರಿದ ನಲ್ಲಿಗೆ ಯಾವ ಬಾಬಿನಿಂದ ಹಣ ಎಂದು ಸಭೆ ಕೂತು ತೀರ್ಮಾನಿಸುವುದು ಇನ್ನೊಂದು. ಈ ಎರಡನೆಯದನ್ನು ಇಪ್ಪತ್ತರ ವಯಸ್ಸಿನ ಹೆಣ್ಣುಮಕ್ಕಳು 1936ರಲ್ಲಿ ಮಾಡಿದರು ಎಂದು ಓದಿದಾಗ ನನಗೆ ಬಹಳ ಸಂತೋಷವಾಯಿತು. ನಮ್ಮ ಸೊಸೈಟಿಗಳ ವಾರ್ಷಿಕ ಮಹಾಸಭೆಯಲ್ಲಿ ಇಂದಿಗೂ ಎಷ್ಟು ಹೆಂಗಸರು ಎದ್ದು ಲೆಕ್ಕ ಕೇಳುತ್ತಾರೆ ಎಂಬುದು ನಿಮಗೇ ಗೊತ್ತು.

ಅಗ್ಗವಾಗಿ ಉಳಿದದ್ದು ಹೇಗೆ?

ಶುರು ಮಾಡುವುದು ಒಂದು, ಉಳಿಸಿಕೊಳ್ಳುವುದು ಇನ್ನೊಂದು. ಎರಡನೆಯ ಮಹಾಯುದ್ಧದಲ್ಲಿ ಹುಡುಗರು ಸೈನ್ಯಕ್ಕೆ ಹೋದರು. ಬ್ಯಾರಿಂಗ್ಟನ್ ಕಟ್ಟಡ ನೌಕಾಪಡೆಯ ಕೈಗೆ ಹೋಯಿತು. 1942ರಲ್ಲಿ ಜಪಾನೀ ಮೂಲದ ವಿದ್ಯಾರ್ಥಿಗಳನ್ನು ಊರಿನಿಂದಲೇ ಎಬ್ಬಿಸಿ ಶಿಬಿರಗಳಿಗೆ ಕಳಿಸಿದಾಗ ಕಿಂಗ್‌ಮನ್ ಬಹಿರಂಗವಾಗಿ ಅವರ ಪರ ನಿಂತರು. ಯುದ್ಧ ಮುಗಿದು ಸೈನಿಕರು ಓದಲು ಹಿಂತಿರುಗಿದಾಗ ವಸತಿಗೆ ಮತ್ತೆ ನೂಕುನುಗ್ಗಲು. 1946ರಲ್ಲಿ ಸಂಘ ಕ್ಲಾಯ್ನ್ ಕೋರ್ಟ್ ಎಂಬ ಹಳೆಯ ಹೋಟೆಲನ್ನು ಕೊಂಡುಕೊಂಡಿತು. 1904ರಲ್ಲಿ ಕಟ್ಟಿದ ಆ ಹೋಟೆಲು ಸಿರಿವಂತರು ಇಳಿದುಕೊಳ್ಳುತ್ತಿದ್ದ ಜಾಗ. ಅಲ್ಲಿ ಬಡ ವಿದ್ಯಾರ್ಥಿಗಳು ಬಂದು ತಾವೇ ಪಾತ್ರೆ ತೊಳೆದುಕೊಂಡು ಉಳಿದರು.

ಇಂದು ಆ ಸಂಘದ ಹೆಸರು ಬರ್ಕ್ಲಿ ಸ್ಟೂಡೆಂಟ್ ಕೋಆಪರೇಟಿವ್. ಇಪ್ಪತ್ತು ಮನೆ ಹಾಗೂ ಅಪಾರ್ಟ್‌ಮೆಂಟುಗಳಲ್ಲಿ ಸುಮಾರು 1,300 ವಿದ್ಯಾರ್ಥಿಗಳಿದ್ದಾರೆ. ದೊಡ್ಡ ಮನೆಗಳಲ್ಲಿ ಇರುವವರು ವಾರಕ್ಕೆ ಐದು ಗಂಟೆ ಮನೆಗೆಲಸ ಮಾಡಬೇಕು. ದಿನಸಿಯನ್ನು ಎಲ್ಲ ಮನೆಗಳಿಗೂ ಸೇರಿ ಸಗಟಾಗಿ ತರಿಸುತ್ತಾರೆ. ಆಡಳಿತ ಮಂಡಳಿಯಲ್ಲಿ ಮನೆಮನೆಯಿಂದ ಆರಿಸಿ ಬಂದ ವಿದ್ಯಾರ್ಥಿಗಳಿರುತ್ತಾರೆ. ಲೆಕ್ಕಪತ್ರ, ದುರಸ್ತಿಗೆ ಸಂಬಳದ ಸಿಬ್ಬಂದಿ ಇದ್ದಾರೆ, ಅವರು ಈ ಮಂಡಳಿಗೆ ಉತ್ತರ ಹೇಳಬೇಕು.

ನಮ್ಮ ಸೊಸೈಟಿಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ನಮ್ಮಲ್ಲಿ ಸದಸ್ಯರಿಗೆ ಫ್ಲಾಟಿನ ಹಕ್ಕು ಇರುತ್ತದೆ. ಬೆಲೆ ಏರಿದರೆ ಮಾರಿ ಲಾಭ ತೆಗೆದುಕೊಳ್ಳಬಹುದು. ಹಾಗಾಗಿ ಸಹಕಾರಿ ಎಂಬ ಹೆಸರಿದ್ದರೂ ನಮ್ಮ ಮನೆಗಳು ಮಾರುಕಟ್ಟೆಯೊಂದಿಗೆ ಏರುತ್ತಲೇ ಹೋದವು. ಬರ್ಕ್ಲಿಯಲ್ಲಿ ಮನೆ ಸಂಘದ ಸ್ವತ್ತು. ವಿದ್ಯಾರ್ಥಿ ಓದುವಷ್ಟು ಕಾಲ ಸದಸ್ಯ, ಓದು ಮುಗಿಸಿ ಹೋಗುವಾಗ ಮಾರಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಸಂಘ ಹಿಂದೆಂದೋ ಕೊಂಡ ಮನೆಯ ಅಗ್ಗದ ಬಾಡಿಗೆಯನ್ನು ಇಂದಿನ ಹುಡುಗಿ ಅನುಭವಿಸುತ್ತಿದ್ದರೆ ಅದಕ್ಕೆ ಕಾರಣ ನಡುವಿನ ಯಾರೂ ಅದನ್ನು ಮಾರಿಕೊಳ್ಳಲು ಆಗಲಿಲ್ಲ ಎಂಬುದೇ.

ಆದರೆ ಇದರಲ್ಲಿ ಒಂದು ತೊಡಕೂ ಇದೆ. ನಾಲ್ಕು ವರ್ಷಕ್ಕೊಮ್ಮೆ ಸದಸ್ಯರೆಲ್ಲ ಬದಲಾಗುತ್ತಾರೆ. ಕೆಲಸ ಕಲಿತವರು ಹೊರಟುಹೋಗುತ್ತಾರೆ. ಹೊಸಬರಿಗೆ ಇದು ಬರೀ ಅಗ್ಗದ ರೂಮು. ಆದ್ದರಿಂದ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕ್ಯಾಂಪಸ್ಸಿನಲ್ಲಿ ಹೊಸಬರನ್ನು ಕಂಡು ಮಾತಾಡಬೇಕು, ಮನೆ ತೋರಿಸಬೇಕು, ನಿಯಮ ವಿವರಿಸಬೇಕು. ಕಡಿಮೆ ಆದಾಯದ ಮನೆಯಿಂದ ಬಂದವರಿಗೆ, ಮನೆತನದಲ್ಲಿ ಮೊದಲ ಸಲ ಕಾಲೇಜು ಹತ್ತಿದವರಿಗೆ ಇಂಥ ಜಾಗವೊಂದಿದೆ ಎಂದು ತಿಳಿಯುವುದೇ ಕಷ್ಟ. ಹುಡುಕಿಕೊಂಡು ಹೋಗಿ ಹೇಳದಿದ್ದರೆ ಆ ಜಾಗ ಅವರಿಗೆ ಸಿಗುವುದಿಲ್ಲ, ಮೊದಲೇ ಗೊತ್ತಿದ್ದವರ ಪಾಲಾಗುತ್ತದೆ. ನೆರೆಹೊರೆಯವರೊಡನೆಯೂ ಮಾತು ಬಿಡಬಾರದು. ರಾಚ್‌ಡೇಲಿನವರು ಲಾಭದಲ್ಲಿ ಶಿಕ್ಷಣದ ಪಾಲು ತೆಗೆದಿಟ್ಟದ್ದೂ ಇಂಥದ್ದಕ್ಕೇ.

ಮಾತು ಹಬ್ಬಿದ ಬಗೆ, ಮಾತು ತಪ್ಪಿದ ಬಗೆ

ಈ ವಿಚಾರ ಒಂದು ಊರಿನಿಂದ ಇನ್ನೊಂದಕ್ಕೆ ಹೋದದ್ದೂ ಬಾಯಿಮಾತಿನಿಂದಲೇ. ಬರ್ಕ್ಲಿಗಿಂತ ಒಂದು ವರ್ಷ ಮೊದಲು, 1932ರಲ್ಲಿ, ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ವಿದ್ಯಾರ್ಥಿಗಳು ಇಂಥದೇ ಮನೆ ಹಿಡಿದಿದ್ದರು. 1937ರಲ್ಲಿ ಅಲ್ಲಿನ ಮನೆಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. 1935-36ರಲ್ಲಿ ಜಪಾನಿನ ಸಮಾಜ ಸುಧಾರಕ ತೊಯೊಹಿಕೊ ಕಗಾವಾ ಅಮೆರಿಕ ಪ್ರವಾಸ ಮಾಡಿದರು. ಕೋಬೆ ನಗರದ ಕೊಳೆಗೇರಿಯಲ್ಲಿ ಬದುಕಿ, ಅಲ್ಲೇ ಸಹಕಾರ ಸಂಘ ಕಟ್ಟಿದವರು ಅವರು. ಅವರ ಮಾತುಗಳಿಂದ ಉತ್ಸಾಹಗೊಂಡ ಟೊರಾಂಟೊದ ವಿದ್ಯಾರ್ಥಿಗಳು 1936ರಲ್ಲಿ ತಮ್ಮ ಸಹಕಾರಿ ಮನೆ ಶುರು ಮಾಡಿದರು. ಇದೇ ಕಗಾವಾ 1939ರಲ್ಲಿ ಭಾರತಕ್ಕೂ ಬಂದು ಗಾಂಧೀಜಿಯನ್ನು ಕಂಡಿದ್ದರು. 1968ರಲ್ಲಿ ಉತ್ತರ ಅಮೆರಿಕದ ವಿದ್ಯಾರ್ಥಿ ಸಹಕಾರಿಗಳೆಲ್ಲ ಸೇರಿ ನಾಸ್ಕೋ ಎಂಬ ಒಕ್ಕೂಟ ಸ್ಥಾಪಿಸಿದವು. ಹೊಸ ಸದಸ್ಯರಿಗೆ ತರಬೇತಿ ಕೊಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು.

ಸೋತ ಕಥೆಗಳನ್ನೂ ಹೇಳಬೇಕು. ಅದೇ 1968ರಲ್ಲಿ ಟೊರಾಂಟೊದಲ್ಲಿ ರಾಚ್‌ಡೇಲ್ ಕಾಲೇಜು ಎಂಬ ಹೆಸರಿನಲ್ಲಿ 18 ಅಂತಸ್ತಿನ ವಿದ್ಯಾರ್ಥಿ ಸಹಕಾರಿ ಕಟ್ಟಡ ಎದ್ದಿತು. ಹದಿನೈದು ಇಪ್ಪತ್ತು ಜನರ ಮನೆ ನಡೆಸಿದ ಅಭ್ಯಾಸ ನೂರಾರು ಜನರ ಗೋಪುರಕ್ಕೆ ಸಾಲಲಿಲ್ಲ. ಬಾಡಿಗೆ ವಸೂಲಾಗಲಿಲ್ಲ, ಮಾದಕವಸ್ತುಗಳ ಹಾವಳಿ ಹೆಚ್ಚಿತು, ಸಾಲ ತೀರಿಸಲಾಗದೆ 1975ರಲ್ಲಿ ಮುಚ್ಚಿತು. ಬರ್ಕ್ಲಿಯ ಬ್ಯಾರಿಂಗ್ಟನ್ ಹಾಲಿಗೂ ಹೀಗೇ ಆಯಿತು. ಗಲಾಟೆ, ಮಾದಕವಸ್ತು, ಗದ್ದಲದ ಪಾರ್ಟಿಗಳಿಂದ ಬೇಸತ್ತ ನೆರೆಯವರು ಕೋರ್ಟು ಹತ್ತಿದರು. ಕೊನೆಗೆ ಸಂಘದ ಉಳಿದ ಮನೆಗಳ ಸದಸ್ಯರೂ ಸೇರಿ ಮತ ಹಾಕಿ ಅದನ್ನು ಮುಚ್ಚಲು ತೀರ್ಮಾನಿಸಿದರು. 1990ರಲ್ಲಿ ಅದರ ಬಾಗಿಲು ಹಾಕಿತು. ನಾವೇ ನಡೆಸುತ್ತೇವೆ ಎನ್ನುವ ಸ್ವಾತಂತ್ರ್ಯ ಪಕ್ಕದ ಮನೆಯವರ ನಿದ್ದೆಯ ಹೊಣೆಯನ್ನೂ ಹೊರಬೇಕಾಗುತ್ತದೆ.

ಹಾಗೆಂದು ಕಥೆ ಅಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಬಾಡಿಗೆ ಏರಿಕೆಯಿಂದ ಕಂಗೆಟ್ಟ ವಿದ್ಯಾರ್ಥಿಗಳು 106 ಜನರಿಗೆ ಜಾಗವಿರುವ ಸಹಕಾರಿ ವಸತಿ ಶುರು ಮಾಡಿದರು. ಕಟ್ಟಡ ಕೊಳ್ಳುವ ಹಣ ಅವರಲ್ಲಿರಲಿಲ್ಲ. ಒಂದು ವಸತಿ ಸಂಸ್ಥೆಯನ್ನು ಒಪ್ಪಿಸಿ ಭೋಗ್ಯಕ್ಕೆ ಪಡೆದರು.

ನಮ್ಮ ಕಡೆಯ ಎಳೆಗಳು

ಇದೆಲ್ಲ ಪರದೇಶದವರ ಕಥೆ ಎಂದು ನಾವು ಸುಮ್ಮನಿರಬೇಕಿಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂದ ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿಸಿದರು. ಸಹಕಾರಿ ವಸತಿಯ ಮಟ್ಟಿಗೆ ಹೇಳುವುದಾದರೆ, ಕೆನರಾ ಜಿಲ್ಲೆಯ ಮೂಲದ ಸಾರಸ್ವತರು 1915ರಲ್ಲಿ ಮುಂಬಯಿಯ ಗಾಮ್‌ದೇವಿಯಲ್ಲಿ ಕಟ್ಟಿದ ಹೌಸಿಂಗ್ ಸೊಸೈಟಿ ಈ ದೇಶದ ಬಹಳ ಹಳೆಯವುಗಳಲ್ಲಿ ಒಂದು. ಅದರ ಹಿಂದಿದ್ದವರು ರಾವ್ ಬಹದ್ದೂರ್ ಶ್ರೀಪಾದ ಸುಬ್ರಾವ್ ತಾಲ್ಮಕಿ. 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದವರೂ ಅವರೇ. ತಾಡದೇವದ ತಾಲ್ಮಕಿವಾಡಿ ಅವರ ಹೆಸರನ್ನು ಉಳಿಸಿಕೊಂಡಿದೆ. ಊರು ಬಿಟ್ಟು ಬಂದು ಚಾಳಿನ ಕೋಣೆಗಳಲ್ಲಿ ಇಕ್ಕಟ್ಟಿನಲ್ಲಿದ್ದವರು ಕೂಡಿ ಮನೆ ಮಾಡಿಕೊಂಡದ್ದು ಹೀಗೆ.

ವಿದ್ಯಾರ್ಥಿಗಳ ಸೂರಿನ ವಿಷಯದಲ್ಲಿ ಮಹಾರಾಷ್ಟ್ರದ ಕರ್ಮವೀರ ಭಾವೂರಾವ್ ಪಾಟೀಲರನ್ನು ನೆನೆಯಬೇಕು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿದ ಅವರು 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸೂರಿನಡಿ ಇರುವ ವಿದ್ಯಾರ್ಥಿನಿಲಯ ತೆರೆದರು. ದುಡಿಮೆಯೊಂದಿಗೆ ಕಲಿಕೆ ಎಂಬುದು ಅವರ ಪದ್ಧತಿ. ಆ ಮಕ್ಕಳ ಊಟಕ್ಕೆ ಹಣ ಸಾಲದೆ ಬಂದಾಗ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು, ಕಡೆಗೆ ಮಂಗಳಸೂತ್ರವನ್ನೂ ಮಾರಿದರು. ಭಾವೂರಾವ್ ಅವರ ಪ್ರತಿಮೆಗಳು ಊರೂರಿಗಿವೆ. ಲಕ್ಷ್ಮೀಬಾಯಿಯವರ ಹೆಸರನ್ನು ನಮ್ಮಂಥ ಮಹಿಳಾ ವೇದಿಕೆಗಳಾದರೂ ಹೇಳುತ್ತಿರಬೇಕು.

ಹೀಗೆ ನಮ್ಮಲ್ಲಿ ಸಹಕಾರಿ ವಸತಿಯೂ ಇತ್ತು, ವಿದ್ಯಾರ್ಥಿಗಳಿಗೆ ಸೂರು ಕೊಡುವ ಪರಂಪರೆಯೂ ಇತ್ತು. ಎರಡೂ ಒಂದಾಗುವುದು ಮಾತ್ರ ಅಪರೂಪವಾಯಿತು. ಸೊಸೈಟಿಗಳು ಮನೆ ಕೊಳ್ಳಬಲ್ಲ ಸಂಸಾರಸ್ಥರದಾದವು, ನಿಲಯಗಳು ದಾನಿಗಳ ಹೆಸರಿನಲ್ಲಿ ನಡೆದವು.

ಪ್ರತಿ ಜೂನ್ ತಿಂಗಳಲ್ಲಿ ಬೆಳಗಾವಿ, ವಿಜಯಪುರ, ಉಡುಪಿ ಕಡೆಯಿಂದ ನಮ್ಮ ಸಂಘಕ್ಕೆ ಬರುವ ಫೋನುಗಳು ನಿಮಗೆ ಗೊತ್ತಿವೆ. ಹುಡುಗಿಗೆ ಸೀಟು ಸಿಕ್ಕಿರುತ್ತದೆ, ಇರಲು ಜಾಗ ಸಿಕ್ಕಿರುವುದಿಲ್ಲ. ಬ್ರೋಕರ್‌ನ ಹಣ, ಡಿಪಾಜಿಟ್, ಪಿ.ಜಿ.ಯ ಬಾಡಿಗೆ ಎಲ್ಲ ಕೂಡಿಸಿದರೆ ಕಾಲೇಜಿನ ಫೀಸಿಗಿಂತ ಅದೇ ಭಾರ. ಎಷ್ಟೋ ಮನೆಗಳಲ್ಲಿ ಮಗನಿಗಾದರೆ ಹೇಗೋ ಹೊಂದಿಸುತ್ತಾರೆ, ಮಗಳಿಗೆ ಊರಲ್ಲೇ ಯಾವುದಾದರೂ ಕೋರ್ಸು ಸಾಕು ಎಂದುಬಿಡುತ್ತಾರೆ.

ನಾವು ನಾಳೆಯೇ ಕಟ್ಟಡ ಕೊಳ್ಳಲಾರೆವು. ಆದರೆ ಬರ್ಕ್ಲಿಯವರು ಶುರು ಮಾಡಿದ್ದೂ ಹದಿನಾಲ್ಕು ಜನರಿಂದ, ಬಾಡಿಗೆ ಮನೆಯಿಂದ. ನಮ್ಮ ಮಹಿಳಾ ವಿಭಾಗ ಮಾಡಬಹುದಾದ ಕೆಲಸಗಳಿವೆ. ಕಾಲೇಜಿನ ಹತ್ತಿರ ಒಂದು ಫ್ಲಾಟನ್ನು ಸಂಘದ ಜಾಮೀನಿನ ಮೇಲೆ ಬಾಡಿಗೆಗೆ ಹಿಡಿದು ಐದಾರು ಹುಡುಗಿಯರಿಗೆ ವಹಿಸಬಹುದು. ಡಿಪಾಜಿಟ್ ಹಣವನ್ನು ನಾವು ಕೂಡಿಸೋಣ. ತಿಂಗಳ ಬಾಡಿಗೆ, ಅಡುಗೆ, ಲೆಕ್ಕ ಎಲ್ಲ ಅವರೇ ನೋಡಿಕೊಳ್ಳಲಿ. ಯಾವ ಜಿಲ್ಲೆ, ಯಾವ ಜಾತಿ ಎಂದು ಕೇಳದೆ ಸೇರಿಸಿಕೊಳ್ಳೋಣ. ಆ ಸೊಸೈಟಿಯ ಕಮಿಟಿಯವರನ್ನೂ ಅಕ್ಕಪಕ್ಕದವರನ್ನೂ ಮೊದಲೇ ಕಂಡು ಮಾತಾಡೋಣ. ಹಳೆಯ ಹುಡುಗಿಯರು ಹೊರಡುವ ಮೊದಲು ಹೊಸಬರಿಗೆ ಲೆಕ್ಕದ ಪುಸ್ತಕ ಒಪ್ಪಿಸಿ ಕಲಿಸಿಕೊಟ್ಟೇ ಹೋಗಬೇಕೆಂಬ ನಿಯಮ ಇಡೋಣ. ಊರಿನ ಕಾಲೇಜುಗಳಿಗೂ ಹೆಣ್ಣುಮಕ್ಕಳ ಹೈಸ್ಕೂಲುಗಳಿಗೂ ಪರೀಕ್ಷೆಯ ಮೊದಲೇ ಈ ಸುದ್ದಿ ಮುಟ್ಟಿಸೋಣ. ಸೀಟು ಸಿಕ್ಕ ಮೇಲೆ ಅಲ್ಲ, ಸೀಟಿಗೆ ಅರ್ಜಿ ಹಾಕುವ ಧೈರ್ಯ ಬರಬೇಕಾದ ಹೊತ್ತಿನಲ್ಲೇ ಅವಳಿಗೆ ಇದು ತಿಳಿಯಬೇಕು.

ವಿಭಾಗದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಪದಾಧಿಕಾರಿಗಳಲ್ಲಿ ನನ್ನ ವಿನಂತಿ. ಕಾಲೇಜುಗಳ ಹತ್ತಿರ ವಾಸವಿರುವ ಗೆಳತಿಯರು ಅಲ್ಲಿನ ಬಾಡಿಗೆ ದರ ವಿಚಾರಿಸಿಕೊಂಡು ಬಂದರೆ ಮಾತು ಬೇಗ ಮುಂದೆ ಸಾಗುತ್ತದೆ.